ಆನೆಯ ಒಳಗೆ ಬಿಟ್ಟ ಬಟ್ಟೆ

ವಿಜಯಮ್ಮ ಹೊಲಿದ ರವಿಕೆಯ ಒಳಗೆ ಇನ್ನರ್ಧ ರವಿಕೆಯಷ್ಟು ಬಟ್ಟೆ ಇರುತ್ತದೆ. ಕೊಳ್ಳೇಗಾಲದಲ್ಲಿ ಅವಳ ಬೀದಿಯವರಿಗೆಲ್ಲ ಇದು ಗೊತ್ತು. ಮದುವೆಗೆಂದು ಹೊಲಿಸಿಕೊಂಡು ಹೋದವಳು ಹೆರಿಗೆಯಾಗಿ, ಮೈಕೈ ತುಂಬಿಕೊಂಡು, ಅದೇ ರವಿಕೆ ಹಿಡಿದು ಬರುತ್ತಾಳೆ. ವಿಜಯಮ್ಮ ಪಕ್ಕದ ಹೊಲಿಗೆ ಬಿಚ್ಚುತ್ತಾಳೆ. ಒಳಗಿನ ಬಟ್ಟೆಯಲ್ಲಿ ಬೇಕಾದಷ್ಟು ಬಿಡುತ್ತಾಳೆ. ಮತ್ತೆ ಮಿಷಿನ್ನಿಗೆ ಕೊಡುತ್ತಾಳೆ. ಬಂದವಳು ಒಂದು ಲೋಟ ಕಾಫಿ ಕುಡಿಯುವುದರೊಳಗೆ ಕೆಲಸ ಮುಗಿದಿರುತ್ತದೆ.

"ಎಂಗಸಿನ ಮೈ ಒಂದೇ ತರ ಇರ್ತದಾ? ಒಳಗೆ ಬಟ್ಟೆ ಬುಡ್ದೆ ಒಲಿಯೋನು ಟೈಲರಲ್ಲ, ಕಳ್ಳ," ಅನ್ನುತ್ತಾಳೆ.

ಅವಳು ಹುಟ್ಟಿದ್ದು ಯಳಂದೂರಿನಲ್ಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಳು. ಸೋದರಮಾವನ ಮಿಷಿನ್ ಪಕ್ಕ ಕುಳಿತು ಹೊಲಿಗೆ ಕಲಿತಳು. ಮಾವ ಅವಳಿಗೆ ಹೇಳಿಕೊಟ್ಟದ್ದು ಎರಡೇ ಮಾತು. ಕಣ್ಣಲ್ಲೇ ಅಳತೆ ತೆಗೆ, ಒಳಗಿನ ಬಟ್ಟೆಗೆ ಕತ್ತರಿ ಹಾಕಬೇಡ. ಎರಡನ್ನೂ ಅವಳು ಇವತ್ತಿನವರೆಗೆ ಬಿಟ್ಟಿಲ್ಲ. ಟೇಪು ಕುತ್ತಿಗೆಯಲ್ಲಿ ನೇತಾಡುತ್ತದೆ, ಅಷ್ಟೆ. ಬಾಗಿಲಲ್ಲಿ ನಿಂತವಳನ್ನು ಒಮ್ಮೆ ನೋಡಿದರೆ ಸಾಕು, ತೋಳು ಎಷ್ಟು, ಎದೆ ಎಷ್ಟು ಎಂದು ಹೇಳಿಬಿಡುತ್ತಾಳೆ.

ಮದುವೆಯಾಗಿ ಬಂದದ್ದು ರೇಷ್ಮೆ ನೇಯುವ ಮನೆಗೆ. ಗಂಡ ಗೋವಿಂದಯ್ಯ ಮಗ್ಗದ ಗುಣಿಯಲ್ಲಿ ಕಾಲಿಟ್ಟು ಕೂತರೆ ಊಟಕ್ಕೇ ಏಳುತ್ತಿದ್ದದ್ದು. ಅವನ ಎದುರಿಗೇ ಅವಳ ಮಿಷಿನ್. ಮಗ್ಗ ಲಟಕ್ ಅನ್ನುತ್ತಿತ್ತು, ಮಿಷಿನ್ ಗುರ್ ಅನ್ನುತ್ತಿತ್ತು. ಒಂದು ನಿಂತರೆ ಇನ್ನೊಂದು ತಲೆಯೆತ್ತಿ ನೋಡುತ್ತಿತ್ತು. ಅವಳು ರವಿಕೆ ಮಡಚುವಾಗ ಗೋವಿಂದಯ್ಯ ಗುಣಿಯಿಂದಲೇ ಕೂಗುತ್ತಿದ್ದ.

"ನಿನ್ ಜಾಕೀಟಿನೊಳಗೆ ಒಂದ್ ಗೋಡೌನ್ ಅದೆ ಕಣೆ. ಅಕ್ಕಿ ಮೂಟೆ ಇಡ್ಬೋದು."

"ನಿಮ್ಮಕ್ಕನ ಜಾಕೀಟ್ಗೆ ಆ ಗೋಡೌನೂ ಸಾಲಲ್ಲ," ಅನ್ನುತ್ತಿದ್ದಳು ಇವಳು.

ಅವನು ನಗುತ್ತಿದ್ದ. ಈಗ ಅವನಿಲ್ಲ. ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಗುಣಿಯಿಂದ ಎದ್ದ. ಆಸ್ಪತ್ರೆಯವರೆಗೂ ಜೀವ ಇರಲಿಲ್ಲ. ಇಷ್ಟೇ ಆದದ್ದು.

ವಿಜಯಮ್ಮ ಸ್ವಲ್ಪ ದಿನ ಮಿಷಿನ್ ಮುಟ್ಟಲಿಲ್ಲ. ಆಮೇಲೆ ಪಕ್ಕದ ಮನೆಯವಳು ತಂಗಿಯ ಮದುವೆ ಅಂತ ಬಟ್ಟೆ ತಂದು ಮಡಿಲಿಗೆ ಹಾಕಿದಳು. ಹೊಲಿದಳು. ಅಳು ಬಂದಾಗ ಕಾಲು ನಿಲ್ಲಿಸಲಿಲ್ಲ. ಹೊಲಿಗೆ ನೆಟ್ಟಗೇ ಬಂತು. ಅಂದಿನಿಂದ ನಿಲ್ಲಿಸಿಲ್ಲ.

ಗೋವಿಂದಯ್ಯನ ಹೆಗಲ ಮೇಲೆ ಯಾವಾಗಲೂ ಒಂದು ಟವಲ್ಲು ಇರುತ್ತಿತ್ತು. ತೆಳು ಹತ್ತಿಯ ಬಿಳಿ ಟವಲ್ಲು, ಕೆಂಪು ಅಂಚು. ಬೆವರು ಒರೆಸುವುದೂ ಅದರಲ್ಲೇ, ಬಿಸಿ ಪಾತ್ರೆ ಹಿಡಿಯುವುದೂ ಅದರಲ್ಲೇ. ಮೊಮ್ಮಗಳು ಇಂಚರ ನಡೆಯಲು ಕಲಿತ ಮೇಲೆ ಟವಲ್ಲಿಗೆ ಇನ್ನೊಂದು ಕೆಲಸ ಬಂತು. ಸಂಜೆ ಗುಣಿಯಿಂದ ಎದ್ದವನೇ ನೆಲಕ್ಕೆ ಕೈಯೂರಿ ಬಗ್ಗುತ್ತಿದ್ದ. ಟವಲ್ಲಿನ ಒಂದು ತುದಿ ಹಲ್ಲಲ್ಲಿ ಕಚ್ಚಿ ಕೆಳಗೆ ಇಳಿಬಿಡುತ್ತಿದ್ದ. ಅದು ಸೊಂಡಿಲು. ಇಂಚರ ಬೆನ್ನ ಮೇಲೆ. ಆನೆ ಬೀದಿ ಬಾಗಿಲಿಂದ ಒಲೆಯ ತನಕ ಹೋಗಿ ಬರುತ್ತಿತ್ತು. "ಮಂಡಿ ಸವ್ದೋಯ್ತದೆ, ಏಳ್ರಿ ಮೇಲೆ," ಎಂದು ವಿಜಯಮ್ಮ ಗದರುತ್ತಿದ್ದಳು. ಆನೆ ಘೀಳಿಡುತ್ತಿತ್ತು, ಏಳುತ್ತಿರಲಿಲ್ಲ.

ಅವನು ಹೋದಾಗ ಅವನ ಪಂಚೆ, ಅಂಗಿ, ಚಪ್ಪಲಿ ಎಲ್ಲವನ್ನೂ ಪದ್ಧತಿಯಂತೆ ಮನೆಯಿಂದ ಕಳಿಸಿದರು. ಟವಲ್ಲು ಮಾತ್ರ ಮಗ್ಗದ ಮೇಲೆ ಬಿದ್ದಿತ್ತು. ಮೂರು ವರ್ಷದ ಇಂಚರ ಅದನ್ನು ಎಳೆದುಕೊಂಡು ಮಂಚದ ಕೆಳಗೆ ಹೋಗಿ ಕುಳಿತಳು. ಆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ನೋಡಿದ ಮೇಲೆ ಕಿತ್ತುಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಅಂದಿನಿಂದ ಮಗು ಎಲ್ಲಿದ್ದರೆ ಟವಲ್ಲು ಅಲ್ಲಿ. ಮೂಲೆ ಕಚ್ಚಿಕೊಂಡೇ ನಿದ್ದೆ. ಬಿಳಿ ಹೋಗಿ ಚಹಾದ ಬಣ್ಣ ಬಂತು. ಮಗು ಮಲಗಿದ ಮೇಲೆ ಇನ್ನೊಂದು ಮೂಲೆಯನ್ನು ವಿಜಯಮ್ಮ ಹಿಡಿದುಕೊಳ್ಳುತ್ತಿದ್ದಳು. ಅದನ್ನು ಯಾರಿಗೂ ಹೇಳಿಲ್ಲ.

ವರ್ಷ ತುಂಬುತ್ತ ಬಂತು. ಸೋಮವಾರ ಸತ್ತೇಗಾಲದ ಹೊಳೆ ದಂಡೆಯಲ್ಲಿ ತಿಥಿ ಎಂದು ನಿಶ್ಚಯವಾಯಿತು. ಗುರುವಾರವೇ ಹನೂರಿನಿಂದ ಚೌಡಮ್ಮ ಬಂದಳು.

ಚೌಡಮ್ಮ ಗೋವಿಂದಯ್ಯನ ಅಕ್ಕ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ದೊಡ್ಡ ಮೈ, ದೊಡ್ಡ ಗಂಟಲು. ಅವಳ ಮಾತನ್ನು ಈ ಮನೆಯಲ್ಲಿ ಯಾರೂ ತೆಗೆದುಹಾಕಿದ್ದಿಲ್ಲ. ಕಾಫಿ ಲೋಟ ಕೆಳಗಿಟ್ಟಳು. ಕಣ್ಣು ಇಂಚರಳ ಬಾಯಿಯ ಮೇಲೆ ಬಿತ್ತು.

"ವಿಜಿ, ಇದು ಅವ್ನ ಟವಲ್ಲಲ್ವಾ?"

"ಊಂ ಅತ್ಗೆ."

"ಇದ್ಯಾಕೆ ಇನ್ನೂ ಮನೆಲದೆ?"

"ಕೂಸು ಬುಡಲ್ಲ."

"ಕೂಸು ಬುಡಲ್ವೋ, ನೀನು ಬುಡಲ್ವೋ?"

ವಿಜಯಮ್ಮ ಖಾಲಿ ಲೋಟ ಎತ್ತಿಕೊಂಡಳು.

"ನೋಡು, ಸೋಮಾರ ಒಳೆಗೆ ಓಯ್ತೀವಲ್ಲ, ಅಲ್ಲಿ ಬುಟ್ಬುಡನ. ವರ್ಸ ಆಯ್ತು. ಅವ್ನು ಓಗ್ಬೇಕಲ್ವಾ? ಇಂಗೆ ಸೆರಗು ಇಡ್ದು ಎಳ್ದಂಗೆ ಎಳೀತಾ ಇದ್ರೆ ಎಲ್ಲಿಗೆ ಓದಾನು? ಬಾಗ್ಲಲ್ಲೇ ನಿಂತಿರ್ತಾನೆ."

ಅಷ್ಟು ಹೇಳಿ ಚೌಡಮ್ಮ ಮಗ್ಗದ ಕಡೆ ನೋಡಿದಳು. ಬಯ್ಯಲು ಬಂದವಳಲ್ಲ, ಅವಳಿಗೂ ತಮ್ಮ ಹೋಗಿದ್ದಾನೆ. ಅದಕ್ಕೇ ವಿಜಯಮ್ಮನಿಗೆ ಎದುರು ಹೇಳಲು ಆಗಲಿಲ್ಲ. ಆದರೆ ಇಂಚರ ಕೇಳಿಸಿಕೊಂಡಳು. ಟವಲ್ಲು ಬಾಯಲ್ಲಿ ತುರುಕಿಕೊಂಡು ಮಂಚದ ಕೆಳಗೆ ಹೋದಳು, ಅವತ್ತು ಹೋದ ಹಾಗೆಯೇ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ತಟ್ಟೆಯನ್ನು ಮಂಚದ ಕೆಳಗೇ ತಳ್ಳಬೇಕಾಯಿತು.

ಸೊಸೆ ರೋಜಾ ತಲೆಯುಳ್ಳ ಹುಡುಗಿ. ಮಾರನೆಯ ದಿನ ಅತ್ತೆಯ ಮಿಷಿನ್ ಪಕ್ಕ ಕುಳಿತು ಫೋನ್ ಮುಂದೆ ಹಿಡಿದಳು.

"ಅತ್ತೆ, ಇಲ್ನೋಡಿ. ಬಟ್ಟೆ ಆನೆ. ಇದ್ರ ಕಟಿಂಗ್ ಎಲ್ಲಾ ಫ್ರೀ ಕೊಟ್ಟವ್ರೆ. ಪ್ರಿಂಟ್ ತಗುಸ್ಕಂಡು, ಬಟ್ಟೆ ಮೇಲಿಟ್ಟು ಕತ್ತರ್ಸಿ ಒಲಿಯೋದು. ಆ ಟವಲ್ಲಲ್ಲೇ ಮಾಡ್ಬುಡಿ. ಕೂಸ್ಗೆ ಆನೆ ಆಯ್ತದೆ, ದೊಡ್ಡತ್ತೆಗೂ ಟವಲ್ಲು ಕಾಣಲ್ಲ."

"ಏನು ಬರ್ದದೆ ಮೇಲೆ?"

"ಬಿಗಿನರ್ಸ್‌ಗೆ ಅಂತ. ಒಸ್ದಾಗಿ ಕಲಿಯೋರ್ಗೆ."

"ಒಸ್ಬರಿಗಾ? ನಾನೇನು ಮೊನ್ನೆ ಸೂಜಿ ಇಡ್ದೋಳಾ?"

"ಜಾಕೀಟಿನಲ್ಲಿ ನೀವು ಅಳೇ ಉಲಿ ಅತ್ತೆ. ಆನೇಲಿ ಒಸಬ್ರೇ."

ವಿಜಯಮ್ಮನಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ. ಚಿತ್ರವನ್ನು ಒಮ್ಮೆ ನೋಡಿದಳು. ಎರಡು ಪಕ್ಕ, ಹೊಟ್ಟೆಗೊಂದು ಪಟ್ಟಿ, ಎರಡು ಕಿವಿ. ಇದರಲ್ಲಿ ಏನಿದೆ? ತೋಳು ಕೂರಿಸುವವಳಿಗೆ ಕಾಲು ಕೂರಿಸುವುದು ಕಷ್ಟವೆ? ಎದ್ದು ಹೋಗಿ ಚೌಡಮ್ಮನ ಎದುರು ನಿಂತಳು.

"ಅತ್ಗೆ, ಸೀರೆ ಕತ್ತರ್ಸಿ ಜಾಕೀಟು ಒಲುದ್ರೆ ಅದ್ನ ಸೀರೆ ಅಂತಾರಾ?"

"ಯಾವ ಮುಟ್ಠಾಳ ಅಂದಾನು?"

"ಅಂಗಾದ್ರೆ ಟವಲ್ಲು ಕತ್ತರ್ಸಿ ಆನೆ ಮಾಡಿದ್ರೆ ಅದು ಟವಲ್ಲಲ್ಲ ತಾನೆ?"

ಚೌಡಮ್ಮ ಅವಳ ಮುಖವನ್ನೇ ನೋಡಿದಳು. ಎಲೆಯಡಿಕೆ ಒಂದು ಸುತ್ತು ಅಗಿದಳು.

"ಬಾರಿ ಲಾಯರ್ರಾಗ್ಬುಟ್ಟೆ ಕಣೆ. ಆಯ್ತು, ಮಾಡು. ಸೋಮಾರದೊಳಗೆ ಮಾಡು. ಕೂಸು ಅದ್ನ ನೋಡಿ ಆನೆ ಅಂತ ಒಪ್ಕಂಡ್ರೆ ಆನೆ, ಮನೆಲೇ ಇರ್ಲಿ. ಒಪ್ದೆ ನನ್ ಟವಲ್ಲು ನನ್ ಟವಲ್ಲು ಅಂತ ಅತ್ರೆ, ಚೂರು ಚೂರಾಗಿದ್ರೂ ಸೈ, ಒಳೆಗೆ ಓಯ್ತದೆ."

"ಆಯ್ತು."

"ಬರುತ್ತಾ ನಿಂಗೆ?"

"ಬರ್ದೆ ಏನತ್ಗೆ," ಅಂದಳು ವಿಜಯಮ್ಮ.

ಮಗುವಿನ ಕೈಯಿಂದ ಟವಲ್ಲು ಬಿಡಿಸುವುದು ಕಷ್ಟವಾಗಬಹುದು ಎಂದು ರೋಜಾ ಹೆದರಿದ್ದಳು. ವಿಜಯಮ್ಮ ಸುಳ್ಳು ಹೇಳಲಿಲ್ಲ, ಮಿಠಾಯಿ ತೋರಿಸಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಮಲಗಿ ಒಳಗೆ ಇಣುಕಿದಳು.

"ಕೂಸೇ, ಇದ್ನ ಆನೆ ಮಾಡ್ಲಾ? ತಾತ ಆಯ್ತಿದ್ನಲ್ಲ, ಅಂತ ಆನೆ."

"ಸೊಂಡ್ಲು ಇರ್ತದಾ?"

"ಸೊಂಡ್ಲಿಲ್ದೆ ಆನೆಯಾ?"

"ಕಚ್ಬೋದಾ?"

"ಕಚ್ಚು."

ಇಂಚರ ಸ್ವಲ್ಪ ಮುಂದಕ್ಕೆ ತೆವಳಿ ಬಂದಳು. ಬಾಯಿಂದ ಮೂಲೆ ತೆಗೆದು ಟವಲ್ಲನ್ನು ಮುಂದೆ ತಳ್ಳಿದಳು. ಮೂಲೆ ಒದ್ದೆಯಾಗಿತ್ತು.

ರೋಜಾ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದಳು. "ಆಳೆಗೆ ಕರೆಕ್ಟಾಗಿ ಕೂರ್ಸಿದ್ದೀನಿ ಅಂದ್ರು ಅತ್ತೆ," ಅಂದಳು. ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಇತ್ತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅದೇನೆಂದು ವಿಜಯಮ್ಮ ಕೇಳಲಿಲ್ಲ. ಪೇಪರುಗಳನ್ನು ಕತ್ತರಿಸಿ ಮುಂದಿಟ್ಟುಕೊಂಡಳು.

ಶನಿವಾರ ಬೆಳಗ್ಗೆ ಟವಲ್ಲು ಒಗೆದಳು, ಒಣಗಿಸಿದಳು, ಇಸ್ತ್ರಿ ಹಾಕಿದಳು. ಕತ್ತರಿ ಹಿಡಿದ ಮೇಲೆ ಒಂದು ಗಳಿಗೆ ಕೈ ನಿಂತಿತು. ಒಗೆಯುವ ಮುಂಚೆ ಮೂಗಿಗೆ ಹಿಡಿದು ನೋಡಿದ್ದಳು. ಅವನ ವಾಸನೆ ಇರಲಿಲ್ಲ. ಮಗುವಿನ ಹಾಲು, ಜೊಲ್ಲು, ಮಂಚದ ಕೆಳಗಿನ ಧೂಳು. ಅವನದು ಯಾವಾಗಲೋ ಹೋಗಿತ್ತು. ಇಷ್ಟು ದಿನ ಇಲ್ಲದ್ದನ್ನೇ ಹಿಡಿದುಕೊಂಡಿದ್ದಳು. ಆಯಿತು ಎಂದುಕೊಂಡು ಕತ್ತರಿಸಿದಳು.

ಪೇಪರಿನ ಗೆರೆಗೇ ಸರಿಯಾಗಿ ಕತ್ತರಿಸಿ ಎಂದು ರೋಜಾ ಹೇಳಿದಳು. ಹೊಲಿಗೆಗೆ ಬೇಕಾದ ಬಟ್ಟೆ ಆ ಗೆರೆಯೊಳಗೇ ಸೇರಿದೆ ಎಂದು ಫೋನಿನಲ್ಲಿ ಬರೆದಿದೆಯಂತೆ.

"ಅವ್ರು ಬರಿಲಿ ಬುಡು," ಅಂದಳು ವಿಜಯಮ್ಮ. ಪೇಪರಿನ ಸುತ್ತ ಹೆಬ್ಬೆರಳಗಲ ಬಟ್ಟೆ ಬಿಟ್ಟು ಕತ್ತರಿಸಿದಳು. ರವಿಕೆಗೆ ಬಿಡುವ ಹಾಗೆ.

"ಅತ್ತೆ, ಆನೆ ದಪ್ಪ ಆಗಲ್ಲ!"

"ನಿಂಗೆ ಗೊತ್ತಾ?"

ತೆಳು ಬಟ್ಟೆಯೆಂದು ಎರಡು ಪದರ ಇಟ್ಟು ಕತ್ತರಿಸಿದ್ದರಿಂದ ಟವಲ್ಲು ಸರಿಯಾಗಿ ಸಾಕಾಯಿತು. ಕೆಂಪು ಅಂಚಿನ ಒಂದು ಪಟ್ಟಿ ಮಾತ್ರ ಉಳಿಯಿತು, ಬೆರಳಗಲದ್ದು. ಅದನ್ನು ವಿಜಯಮ್ಮ ಸುರುಳಿ ಸುತ್ತಿ ಮಿಷಿನ್ನಿನ ಡ್ರಾಯರಿಗೆ ಹಾಕಿಕೊಂಡಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಮುಗಿಯಿತು. ಪೇಪರಿನ ಗೆರೆಯ ಮೇಲೇ ಹೊಲಿದಿದ್ದಳು, ನೇರ, ಒಂದು ಕುಣಿತವಿಲ್ಲ. ಆದರೆ ಒಳಗಿನದನ್ನು ಹೊರಕ್ಕೆ ತಿರುಗಿಸಬೇಕಲ್ಲ, ಅಲ್ಲಿ ಸಿಕ್ಕಿಕೊಂಡಿತು. ಹೊಟ್ಟೆ ತಿರುಗಿತು. ಕಾಲುಗಳು ಹೇಗೋ ತಿರುಗಿದವು. ಸೊಂಡಿಲು ತಿರುಗಲಿಲ್ಲ. ಒಳಗೆ ಬಿಟ್ಟ ಬಟ್ಟೆಯೇ ದಾರಿ ಕಟ್ಟಿ ಕುಳಿತಿತ್ತು. ಪೆನ್ಸಿಲು ಹಾಕಿ ದಬ್ಬಿದಳು, ಲಾಡಿ ಪೋಣಿಸುವ ಕಡ್ಡಿ ಹಾಕಿ ಎಳೆದಳು. ಕಡೆಗೂ ಹೊರಬಂತು. ಬತ್ತಿಯಷ್ಟು ದಪ್ಪ, ಸುಕ್ಕು ಸುಕ್ಕು, ಒಂದು ಕಡೆಗೆ ಸೊಟ್ಟ. ಮಿಷಿನ್ ಕೆಳಗಿನ ಚಿಂದಿಯನ್ನೆಲ್ಲ ಒಳಗೆ ತುಂಬಿದಳು. ಕಣ್ಣಿಗೆ ಎರಡು ಕಪ್ಪು ಟಿಚ್ ಬಟನ್. ಇಡೀ ಆನೆ ಅಂಗೈ ಮೇಲೆ ಕೂರುವಂತಿತ್ತು. ಇಷ್ಟು ಚಿಕ್ಕದಾದದ್ದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಚಿತ್ರದಲ್ಲಿ ಮಗು ತಬ್ಬಿಕೊಳ್ಳುವಷ್ಟು ಇತ್ತು.

ಇಂಚರ ಬಂದು ನೋಡಿದಳು. ಚೌಡಮ್ಮನೂ ಬಾಗಿಲಿಗೆ ಬಂದು ನಿಂತಳು.

"ಇದು ಇಲಿ," ಅಂದಳು ಇಂಚರ.



"ಆನೆ ಕಣವ್ವ. ನೋಡು, ಸೊಂಡ್ಲು," ಅಂದಳು ರೋಜಾ.

"ಅದು ಬಾಲ. ಇಲಿ ಬಾಲ." ಮಗು ಸುತ್ತಲೂ ಹುಡುಕಿತು. "ನನ್ ಟವಲ್ಲು ಎಲ್ಲಿ? ಅಜ್ಜೀ, ನನ್ ಟವಲ್ಲು ಕೊಡು. ನನ್ ಟವಲ್ಲು ಕೊಡು!"

ಅತ್ತಳು. ವರ್ಷದ ಹಿಂದೆ ಅಳದೆ ಇಟ್ಟುಕೊಂಡದ್ದನ್ನೂ ಸೇರಿಸಿ ಅತ್ತಳು. ಚೌಡಮ್ಮ ಮಗುವನ್ನು ಎತ್ತಿಕೊಂಡಳು. ವಿಜಯಮ್ಮನ ಕಡೆ ನೋಡಿದಳು. ಗೆದ್ದ ಮುಖವಲ್ಲ.

"ಬುಡು ವಿಜಿ. ನಾಳೆ ಒಳೆಗೆ ತಕಂಡು ಓಗನ."

"ನಾಳೆ ಇನ್ನೂ ಆಗಿಲ್ಲ ಅತ್ಗೆ," ಅಂದಳು ವಿಜಯಮ್ಮ.

ಇಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮಿಷಿನ್ ಮುಂದೆ ಕುಳಿತಳು. ಅಳಲಿಲ್ಲ. ತಪ್ಪು ಎಲ್ಲಿ ಎಂದು ಹುಡುಕಿದಳು. ಮೈಗೆ ಕೂರದ ರವಿಕೆ ವಾಪಸ್ಸು ಬಂದರೆ ಹೇಗೆ ನೋಡುತ್ತಾಳೋ ಹಾಗೆ ನೋಡಿದಳು, ಹಿಂದೆ ಮುಂದೆ ತಿರುಗಿಸಿ. ರೋಜಾ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದ ಹಾಳೆ ತೆಗೆದುಕೊಂಡು ಓದತೊಡಗಿದಳು. ಆಮೇಲೆ ಅತ್ತೆಯ ಕುತ್ತಿಗೆಯಿಂದ ಟೇಪು ಎಳೆದು ಆ ಸಣ್ಣ ಚೌಕದ ಮೇಲೆ ಇಟ್ಟಳು.

"ಅತ್ತೆ."

"ಏನು?"

"ಈ ಚೌಕ ಒಂದಿಂಚು ಇರ್ಬೇಕಂತೆ. ಪ್ರಿಂಟ್ ಸರಿ ಬಂದದೋ ಇಲ್ವೋ ನೋಡಕ್ಕೆ ಅಂತ್ಲೇ ಕೊಟ್ಟವ್ರೆ. ಇದು ಮುಕ್ಕಾಲು ಇಂಚೂ ಇಲ್ಲ. ಆಳೆಗೆ ಕೂರ್ಸಕ್ಕೋಗಿ ಅವ್ರು ಸಣ್ಣ ಮಾಡ್ಬುಟ್ಟವ್ರೆ. ನಾನೂ ಅಳೀಲಿಲ್ಲ."

"ನಾನೂ ಅಳೀಲಿಲ್ಲ," ಅಂದಳು ವಿಜಯಮ್ಮ. ಮಾವ ಹೇಳಿಕೊಟ್ಟ ಕಣ್ಣಳತೆ ಹೆಂಗಸರ ಮೈಗೆ ಸರಿ. ಆನೆಯನ್ನು ಆ ಕಣ್ಣು ಎಂದೂ ಅಳೆದಿರಲಿಲ್ಲ.

"ಈಗೇನು ಮಾಡದು ಅತ್ತೆ? ಬೇರೆ ಟವಲ್ಲಿಲ್ವಲ್ಲ."

ವಿಜಯಮ್ಮ ಆನೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಂಡಿದಳು. ಹೊಲಿಗೆಯ ಪಕ್ಕದಲ್ಲಿ, ಒಳಗೆ, ದಪ್ಪಗೆ ಬಟ್ಟೆ ಸಿಕ್ಕಿತು. ಇನ್ನೊಂದು ಕಡೆ ಹಿಂಡಿದಳು. ಅಲ್ಲೂ ಇತ್ತು. ಸುತ್ತಲೂ ಇತ್ತು. ಗೋಡೌನ್.

"ಬೇರೆ ಯಾಕೆ?" ಅಂದಳು. "ಬುಡಿಸಿದ್ರಾಯ್ತು."

ಚೌಡಮ್ಮ ಮಗುವನ್ನು ಸಮಾಧಾನ ಮಾಡುತ್ತ ಅತ್ತಿತ್ತ ತಿರುಗಾಡುತ್ತಿದ್ದಳು. ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚುತ್ತಿರುವ ವಿಜಯಮ್ಮನನ್ನು ಕಂಡು ನಿಂತಳು.

"ಏನೇ ಮಾಡ್ತಿದ್ದೀಯೆ?"

"ನಿಮ್ ಜಾಕೀಟ್ಗೆ ಮಾಡ್ತೀನಲ್ಲ, ಅದೇ."

"ಅಂಗಂದ್ರೆ?"

"ಆನೆ ದಪ್ಪಾಗ್ಬೇಕಂತೆ ಅತ್ಗೆ."

ರೋಜಾ ಸೆರಗು ಬಾಯಿಗಿಟ್ಟುಕೊಂಡಳು. ಚೌಡಮ್ಮ ತನ್ನ ತೋಳು ನೋಡಿಕೊಂಡಳು. ಆ ರವಿಕೆಯನ್ನು ವಿಜಯಮ್ಮ ಎಷ್ಟು ಸಲ ಬಿಡಿಸಿದ್ದಾಳೋ ಇಬ್ಬರಿಗೂ ಲೆಕ್ಕ ತಪ್ಪಿದೆ. "ನನ್ನೂ ಆನೆ ಪಕ್ಕಕ್ಕೆ ಇಟ್ಟೆಯಲ್ಲೇ ಕಳ್ಳಿ," ಅಂದಳು. ತಮ್ಮ ಹೋದ ಮೇಲೆ ಈ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಇಂಚರ ಅಳು ನಿಲ್ಲಿಸಿ ದೊಡ್ಡಜ್ಜಿಯ ಮುಖ ನೋಡಿದಳು.

ಹೊಲಿಗೆಯೆಲ್ಲ ಬಿಚ್ಚಿ ಆಯಿತು. ಚಿಂದಿ ಹೊರಗೆ ಬಂತು. ಈ ಸಲ ವಿಜಯಮ್ಮ ಟೇಪು ಹಿಡಿದಳು. ಚೌಕ ಎಷ್ಟು ಕಡಿಮೆ ಬಂದಿದೆ, ಆನೆ ಎಷ್ಟು ದೊಡ್ಡದಾಗಬೇಕು ಎಂದು ರೋಜಾ ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದಳು. ವಿಜಯಮ್ಮ ಹಳೆಯ ಗೆರೆಯ ಹೊರಗೆ ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆದಳು. ಬಿಟ್ಟಿದ್ದ ಬಟ್ಟೆಯಲ್ಲಿ ಬಹುಪಾಲು ಹೊರಗೆ ಬಂತು. ಸ್ವಲ್ಪ ಒಳಗೇ ಉಳಿಯಿತು.

ಹೊಲಿದು ತಿರುಗಿಸುವಾಗ ಸೊಂಡಿಲು ಮತ್ತೆ ಸುಕ್ಕುಗಟ್ಟಿತು. ದಪ್ಪ ಬಂದಿತ್ತು, ಬಾಗು ಬಂದಿರಲಿಲ್ಲ. ಬಾಗಿದ ಕಡೆ ಒಳಗಿನ ಬಟ್ಟೆ ಎಳೆದು ಹಿಡಿದಿತ್ತು.

"ಇಲ್ಲಿ ಕತ್ತರೀಲಿ ಸಣ್ ಸಣ್ ಕಚ್ಚು ಆಕ್ಬೇಕಂತೆ ಅತ್ತೆ," ಎಂದು ರೋಜಾ ಚಿತ್ರ ತೋರಿಸಿದಳು. ಹೊಲಿಗೆಯ ಪಕ್ಕದಲ್ಲಿ ಹಲ್ಲಿನ ಹಾಗೆ ಗೆರೆಗಳಿದ್ದವು.

"ಒಳಗಿನ ಬಟ್ಟೆಗೆ ನಾನು ಕತ್ತರಿ ಆಕಲ್ಲ."

"ಆಕ್ದಿದ್ರೆ ಬಾಗಲ್ಲ."

"ಕಚ್ಚು ಆಕ್ಬುಟ್ರೆ ಮುಂದಕ್ಕೆ ಬುಡ್ಸಕ್ಕಾಗಲ್ಲ ಕಣೆ."

"ಸೊಂಡ್ಲು ಇನ್ನೆಷ್ಟು ದಪ್ಪ ಆಗ್ಬೇಕು ಅತ್ತೆ?"

ವಿಜಯಮ್ಮ ಕತ್ತರಿ ಹಿಡಿದು ಕುಳಿತಳು. ಟವಲ್ಲು ಕತ್ತರಿಸುವಾಗ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಕೈ ಇಲ್ಲಿ ನಿಂತಿತು. ಮೈ ದಪ್ಪಾಗುವವರಿಗೆ, ಬಸಿರಾಗುವವರಿಗೆ, ನಾಳೆ ಇರುವವರಿಗೆ ಬಟ್ಟೆ ಬಿಡಬೇಕು. ಕೆಲವು ಕಡೆ ನಾಳೆ ಇರುವುದಿಲ್ಲ. ಅಲ್ಲಿ ಬಿಟ್ಟ ಬಟ್ಟೆ ಸುಮ್ಮನೆ ಸುಕ್ಕಾಗಿ ನಿಲ್ಲುತ್ತದೆ. ಸೊಂಡಿಲಿನ ಬಾಗಿಗೆ ಕಚ್ಚು ಹಾಕಿದಳು. ಒಂದಾದ ಮೇಲೆ ಒಂದು, ಹೊಲಿಗೆಗೆ ತಗುಲದ ಹಾಗೆ. ಕಾಲಿಗೂ ಹೊಟ್ಟೆಗೂ ಹಾಕಲಿಲ್ಲ. ಅಲ್ಲಿ ಹಾಗೇ ಬಿಟ್ಟಳು.

ಸೊಂಡಿಲು ತಿರುಗಿತು. ಗೋವಿಂದಯ್ಯನ ಮಗ್ಗದ ಮೂಲೆಯಲ್ಲಿ ಕತ್ತರಿಸಿ ಉಳಿದ ರೇಷ್ಮೆ ಎಳೆಗಳ ಒಂದು ಮುದ್ದೆ ಇತ್ತು, ಯಾರೂ ಗುಡಿಸಿರಲಿಲ್ಲ. ಅದನ್ನು ತಂದು ಸೊಂಡಿಲಿಗೆ ತುಂಬಿದಳು, ಮೆತ್ತಗಿರಲಿ ಎಂದು. ಹೊಟ್ಟೆಗೆ ಬೀದಿಯವರ ರವಿಕೆಯ ಚಿಂದಿಯೇ. ಮೊದಲು ತುಂಬಿದ್ದು ಸಾಲಲಿಲ್ಲ. ಇನ್ನೊಂದು ಚೀಲ ಬೇಕಾಯಿತು.

ಬೆಳಕಿರುವಾಗಲೇ ಮುಗಿಯಿತು. ಆನೆಯನ್ನು ನೆಲದ ಮೇಲೆ ನಿಲ್ಲಿಸಿದಳು. ನಿಂತಿತು. ಒಂದು ಕಾಲು ಸ್ವಲ್ಪ ಗಿಡ್ಡ. ಸೊಂಡಿಲು ಕೆಳಗಿಳಿದು ತುದಿಯಲ್ಲಿ ಒಳಕ್ಕೆ ಬಾಗಿತ್ತು.

ಇಂಚರ ದೂರದಿಂದ ನೋಡಿದಳು. ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು. ಸೊಂಡಿಲಿನ ತುದಿ ಹಿಡಿದು ನೋಡಿದಳು, ಬಾಯಲ್ಲಿಟ್ಟು ಕಚ್ಚಿದಳು. ಕಚ್ಚಿಕೊಂಡೇ ನೆಲಕ್ಕೆ ಎರಡೂ ಕೈಯೂರಿದಳು. ಆನೆ ಅವಳ ಹಲ್ಲಿನಿಂದ ಕೆಳಗೆ ನೇತಾಡಿತು. ಹಾಗೇ ಮಂಡಿಯೂರಿಕೊಂಡು ಬೀದಿ ಬಾಗಿಲಿಗೆ ಹೋದಳು, ಅಲ್ಲಿಂದ ತಿರುಗಿ ಒಲೆಯ ಕಡೆ ಹೊರಟಳು. ಚೌಡಮ್ಮನ ಕಾಲು ಅಡ್ಡ ಬಂತು.

"ಏನೇ ಕೂಸೇ ಅದು ಬಾಯಲ್ಲಿ?" ಅಂದಳು ಚೌಡಮ್ಮ. ಅವಳ ದನಿ ಮೆತ್ತಗಿತ್ತು.

ಇಂಚರ ಬಾಯಿ ಬಿಡಲಿಲ್ಲ. ಮೂಗಿನಲ್ಲೇ ಘೀಳಿಟ್ಟಳು, ತಾತ ಇಡುತ್ತಿದ್ದ ಹಾಗೆ.

ಚೌಡಮ್ಮ ಕಾಲು ಸರಿಸಿ ದಾರಿ ಬಿಟ್ಟಳು. "ಆನೆಗೆ ಮಾತು ಎಲ್ಲಿ ಬಂದದು, ನಾನೊಬ್ಳು," ಎಂದು ಗೊಣಗಿಕೊಂಡಳು. ಕಣ್ಣು ಒರೆಸಿಕೊಂಡಳು. ಆಮೇಲೆ ವಿಜಯಮ್ಮನ ಕಡೆ ತಿರುಗಿದಳು. "ಉಳ್ದಿದ್ದು ಏನಾದ್ರೂ ಅದಾ? ಇದ್ರೆ ಅದ್ನಾದ್ರೂ ನಾಳೆ ಬುಡನ."

"ಏನೂ ಉಳೀಲಿಲ್ಲ ಅತ್ಗೆ," ಅಂದಳು ವಿಜಯಮ್ಮ. ಸುಳ್ಳು.

ಸೋಮವಾರ ಸತ್ತೇಗಾಲದ ಬಸ್ಸಿನಲ್ಲಿ ಎಲ್ಲರೂ ಹೋದರು. ಮಗ ಉಮೇಶ್ ಹೊಳೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಕುಳಿತು ತಂದೆಗೆ ಪಿಂಡ ಇಟ್ಟ. ಹೆಂಗಸರು ದಂಡೆಯ ಕಲ್ಲಿನ ಮೇಲೆ ಕುಳಿತಿದ್ದರು. ಚೌಡಮ್ಮ ಹೊಳೆಯನ್ನೇ ನೋಡುತ್ತಿದ್ದಳು. ಅವಳು ಅಂದುಕೊಂಡು ಬಂದದ್ದು ನಡೆದಿರಲಿಲ್ಲ, ಅವಳ ಕೈ ಖಾಲಿ ಇತ್ತು. ವಿಜಯಮ್ಮನಿಗೆ ಅದು ಗೊತ್ತಾಗುತ್ತಿತ್ತು. ಒಂದು ಗಳಿಗೆ ಡ್ರಾಯರಿನ ಪಟ್ಟಿ ನೆನಪಾಯಿತು. ತರಬೇಕಿತ್ತೇನೋ ಅನ್ನಿಸಿತು. ತಂದಿರಲಿಲ್ಲ.

ಅಷ್ಟರಲ್ಲಿ ಇಂಚರ ತಾಯಿಯ ಕೈ ಬಿಡಿಸಿಕೊಂಡು ನೀರಿನ ಅಂಚಿಗೆ ಇಳಿದಳು. ರೋಜಾ ಓಡಿಹೋಗಿ ಅವಳ ಲಂಗ ಹಿಡಿದುಕೊಂಡಳು. ಇಂಚರ ಬಗ್ಗಿ ಆನೆಯ ಸೊಂಡಿಲನ್ನು ನೀರಿಗೆ ಬಿಟ್ಟಳು.

"ಏಯ್, ಒದ್ದೆ ಆಯ್ತದೆ!" ಎಂದಳು ರೋಜಾ.

"ಆನೆ ನೀರು ಕುಡೀತಾ ಅದೆ," ಅಂದಳು ಇಂಚರ. "ಅದುಕ್ಕೆ ದಾಹ."

ಮೊದಲ ಸಲ ಅವಳ ಬಾಯಲ್ಲಿ ಆನೆ ಎಂದು ಬಂತು. ಹೇಳುವುದು ದೊಡ್ಡ ಮಾತೇ ಅಲ್ಲ ಎಂಬಂತೆ ಹೇಳಿದಳು. ಆನೆ ಬೇಕಾದಷ್ಟು ಕುಡಿಯಿತು. ರೇಷ್ಮೆ ಎಳೆ ನೀರು ಹೀರಿತು, ಚಿಂದಿ ಹೀರಿತು, ಹೊಟ್ಟೆ ಮುಳುಗಿತು. ಕಡೆಗೆ ಕಿವಿಯವರೆಗೂ ಹೊಳೆಯಲ್ಲೇ ಇತ್ತು.

ಚೌಡಮ್ಮ ಎದ್ದು ಬಂದಳು. ಮೊಣಕಾಲಿನ ತನಕ ಸೀರೆ ಎತ್ತಿ ನೀರಿಗಿಳಿದಳು. ಮಗುವಿನ ಕೈಯ ಮೇಲೆ ಕೈಯಿಟ್ಟು ಆನೆಯ ತಲೆಯನ್ನೂ ಒಂದು ಸಲ ಮುಳುಗಿಸಿ ಎತ್ತಿದಳು. ತಮ್ಮ ಸಣ್ಣವನಿದ್ದಾಗ ಅವನ ತಲೆಗೆ ನೀರು ಹಾಕುತ್ತಿದ್ದ ಕೈ ಅದು.

"ಒಳೆ ನೀರು ಮುಟ್ತು," ಅಂದಳು. "ಬುಡ್ಬೇಕಾದ್ದು ಬುಟ್ಟಂಗಾಯ್ತು. ಅವ್ನು ಓಗ್ಲಿ. ಇದು ಮನೆಗೆ ಬರ್ಲಿ."

ವಿಜಯಮ್ಮ ತಲೆಯಾಡಿಸಿದಳು.

ಬಸ್ಸಿನಲ್ಲಿ ಆನೆ ಚೌಡಮ್ಮನ ಮಡಿಲಲ್ಲಿ ಕುಳಿತು ಕೊಳ್ಳೇಗಾಲದವರೆಗೂ ತೊಟ್ಟಿಕ್ಕಿತು. ಪಕ್ಕದ ಸೀಟಿನವಳು ಕಾಲು ಮೇಲೆ ಎಳೆದುಕೊಂಡಳು.

"ಏನಮ್ಮ, ಮಗಾ ಉಚ್ಚೆ ಉಯ್ದದಾ?"

"ಮಗಾ ಅಲ್ಲ ಕಣವ್ವ, ಆನೆ," ಅಂದಳು ಚೌಡಮ್ಮ. "ಒಂದ್ ಒಳೆನೇ ಕುಡ್ದದೆ."

ಮನೆಗೆ ಬಂದು ರೋಜಾ ಆನೆಯ ಎರಡು ಕಿವಿಗೂ ಕ್ಲಿಪ್ಪು ಹಾಕಿ ಹಿತ್ತಲ ತಂತಿಗೆ ನೇತುಹಾಕಿದಳು. ಇಂಚರ ಅದರ ಕೆಳಗೇ ಕುಳಿತು ಕಾದಳು. ನೀರು ಕುಡಿದು ಹೊಟ್ಟೆಯ ಒಂದು ಕಡೆ ಬಿಗಿಯಾಗಿತ್ತು, ಹೊಲಿಗೆ ಸ್ವಲ್ಪ ಬಾಯಿಬಿಟ್ಟಿತ್ತು. ಚೌಡಮ್ಮ ಮಿಷಿನ್ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ವಿಜಯಮ್ಮ ದಾರ ತೆಗೆಯಲು ಡ್ರಾಯರು ಎಳೆದಳು. ಕೆಂಪು ಅಂಚಿನ ಸುರುಳಿ ಉರುಳಿ ಮುಂದೆ ಬಂತು.

ಇಬ್ಬರೂ ಅದನ್ನು ನೋಡಿದರು.

ಚೌಡಮ್ಮ ಡ್ರಾಯರನ್ನು ಕೈಯಿಂದ ಮೆಲ್ಲಗೆ ಒಳಕ್ಕೆ ತಳ್ಳಿದಳು. "ಕಾಫಿ ಕಾಸು ವಿಜಿ. ನೆಂದು ಚಳಿ ಆಯ್ತದೆ," ಅಂದಳು.

ವಿಜಯಮ್ಮ ಕಾಫಿಗೆ ನೀರಿಟ್ಟಳು. ಅದು ಕುದಿಯುವಷ್ಟರಲ್ಲಿ ಹಿತ್ತಲಿಗೆ ಹೋಗಿ ಆನೆಯ ಹೊಟ್ಟೆಯನ್ನು ಹಿಂಡಿ ನೋಡಿದಳು. ಬಾಯಿಬಿಟ್ಟ ಹೊಲಿಗೆಯ ಪಕ್ಕದಲ್ಲಿ, ಒಳಗೆ, ಬೆರಳಿಗೆ ಬಟ್ಟೆ ಸಿಕ್ಕಿತು.

"ಅಜ್ಜೀ, ಅರ್ದೋಯ್ತಾ?" ಅಂದಳು ಇಂಚರ.

"ಇಲ್ಲ ಕಣವ್ವ. ಒಣಗ್ಲಿ, ಒಲ್ದು ಕೊಡ್ತೀನಿ," ಅಂದಳು ವಿಜಯಮ್ಮ. "ಒಳಗೆ ಇನ್ನೂ ಬಟ್ಟೆ ಅದೆ."